ತಿರುಪಿನ ತೊಟ್ಟಿಲು

ಡಾಕ್ಟರು ಕಂಬಳಿಯ ಎರಡನೇ ಮಡಿಕೆ ಬಿಚ್ಚುವಷ್ಟರಲ್ಲೇ ಮಾವ ಕುರ್ಚಿಯಿಂದ ಎದ್ದುಬಿಟ್ಟಿದ್ದರು. ಇನ್ನೂ ನಳಿಗೆಗಳ ತುದಿಯಷ್ಟೇ ಹೊರಗೆ ಕಾಣುತ್ತಿತ್ತು, ಅದೂ ತುಕ್ಕು ಹಿಡಿದು ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. ಅವರಿಗೆ ಅಷ್ಟು ಸಾಕಾಯಿತು. ರಿಪೇರಿಗೆ ಬಂದಿದ್ದ ಹೊಲಿಗೆ ಯಂತ್ರದ ಮೇಲೆ ಕೈಯೂರಿ ಒಂದು ಗಳಿಗೆ ನಿಂತರು. ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡರು. "ನನಗೆ ಒಳಗೆ ಸ್ವಲ್ಪ ಕೆಲಸ ಇದೆ" ಎಂದು ಗೋಡೆಗೆ ಹೇಳುವವರಂತೆ ಹೇಳಿ, ಅಂಗಡಿಯಿಂದ ಮನೆಯೊಳಕ್ಕೆ ಹೋಗುವ ಬಾಗಿಲು ದಾಟಿ ಮರೆಯಾದರು.

ಸೊಸೆ ಕೈಯಲ್ಲಿದ್ದ ಬೀಗ ಕೆಳಗಿಟ್ಟಳು. ಈ ಮನೆಗೆ ಬಂದು ಹದಿನಾಲ್ಕು ವರ್ಷ, ಮಾವನ ಪಕ್ಕ ಈ ಬೆಂಚಿಗೆ ಕೂತು ಹನ್ನೆರಡು ವರ್ಷ. ಬಂದ ಗಿರಾಕಿಗೆ ಬೆನ್ನು ತೋರಿಸಿ ಅವರು ಎದ್ದು ಹೋದದ್ದನ್ನು ಅವಳು ಒಂದು ದಿನವೂ ಕಂಡಿರಲಿಲ್ಲ.

"ಗುರುತು ಹಿಡಿದ್ರು ಅಂತ ಕಾಣುತ್ತೆ," ಎಂದರು ಡಾಕ್ಟರು. ಊರಿನ ಅರ್ಧ ಜನರ ಮುರಿದ ಮೂಳೆಗಳನ್ನು ಜೋಡಿಸಿ ಈಗ ನಿವೃತ್ತರಾಗಿ, ಹಳೆಯ ಕೋವಿಗಳನ್ನು ಕೂಡಿಹಾಕುವ ಹುಚ್ಚಿಗೆ ಬಿದ್ದಿದ್ದ ಮನುಷ್ಯ.

"ಇದು ಮರದ ಸಾಹುಕಾರರದ್ದಾ?"

"ಅದೇ. ಅವರು ಹೋದ ಮೇಲೆ ಮಕ್ಕಳು ಎಲ್ಲಾ ಹರಾಜಿಗೆ ಹಾಕಿದ್ರು. ಲೈಸೆನ್ಸ್ ಕಾಗದ ಪತ್ರ ಸರಿ ಮಾಡಿಸಿಕೊಂಡೇ ತಂದಿದ್ದೀನಿ, ನೀನೇನೂ ಹೆದರಬೇಡ. ನೂರಹತ್ತು ವರ್ಷದ ಮಾಲು ಕಣಮ್ಮ. ದೊಡ್ಡ ದೊಡ್ಡ ಪ್ರಾಣಿಗಳ ಬೇಟೆಗೆ ಅಂತಲೇ ಮಾಡಿದ್ದು. ಆದ್ರೆ ನನಗೆ ಗೊತ್ತಿರೋ ಮಟ್ಟಿಗೆ ಇದು ಕೆಡವಿದ್ದು ಒಂದೇ ಪ್ರಾಣೀನ. ಸಾಹುಕಾರರನ್ನ."

ಸೊಸೆಗೆ ನಗು ಬಂತು, ಒಳಗಿನವರಿಗೆ ಕೇಳಿಸೀತೆಂದು ನುಂಗಿಕೊಂಡಳು.

ಆ ಕಥೆ ಊರಿಗೆಲ್ಲ ಗೊತ್ತಿತ್ತು, ಈ ಮನೆಯಲ್ಲಿ ಮಾತ್ರ ಯಾರೂ ಆಡುತ್ತಿರಲಿಲ್ಲ. ಇಪ್ಪತ್ತೆರಡು ವರ್ಷಗಳ ಹಿಂದೆ ಸಾಹುಕಾರರು ಈ ಜೋಡಿ ನಳಿಗೆಯ ರೈಫಲನ್ನು ಮಾವನ ಕೈಗೆ ಕೊಟ್ಟಿದ್ದರು. ಎರಡು ನಳಿಗೆಗೆ ಎರಡು ಟ್ರಿಗರ್. ಎಡಗಡೆಯದು ತೀರ ಬಿಗಿ, ಸ್ವಲ್ಪ ಹಗುರ ಮಾಡಿಕೊಡು ಎಂದಿದ್ದರು. ಮಾವ ಮಾಡಿಕೊಟ್ಟರು. ಮೂರು ತಿಂಗಳ ನಂತರ ಗುಂಡಿನ ಮೈದಾನದಲ್ಲಿ, ನೆಂಟರಿಷ್ಟರ ಎದುರು, ಸಾಹುಕಾರರು ಬಲಗಡೆಯ ಟ್ರಿಗರ್ ಒಂದನ್ನೇ ಎಳೆದರು. ಎರಡೂ ನಳಿಗೆ ಒಟ್ಟಿಗೆ ಹಾರಿದವು. ಭುಜ ಮೂರು ಕಡೆ ಮುರಿಯಿತು. 'ಮೇಸ್ತ್ರಿ ಮುಟ್ಟಿದ ಕೋವಿ' ಎನ್ನುವ ಮಾತು ಮೈದಾನದಿಂದ ಆಸ್ಪತ್ರೆಗೆ ಹೋಗುವ ದಾರಿಯಲ್ಲೇ ಊರೆಲ್ಲ ಹಬ್ಬಿತು. ಸಾಹುಕಾರರು ಮಾವನಿಗೆ ಆ ಕೋವಿಯನ್ನು ಮತ್ತೆ ಕಣ್ಣಲ್ಲಿ ನೋಡಲೂ ಕೊಡಲಿಲ್ಲ. ಬೀರುವಿನಲ್ಲಿಟ್ಟು ಬೀಗ ಹಾಕಿ, ಬಂದವರಿಗೆಲ್ಲ ತೋರಿಸಿ ಮೇಸ್ತ್ರಿಯ ಹೆಸರು ಹೇಳುತ್ತಿದ್ದರು. ವರ್ಷ ತುಂಬುವುದರೊಳಗೆ ಅಂಗಡಿಗೆ ಕೋವಿ ಬರುವುದೇ ನಿಂತಿತು. ಒಂದು ದಿನ ಮಾವ ತಾವೇ ಏಣಿ ಹತ್ತಿ, ಬೋರ್ಡಿನ ಮೇಲಿದ್ದ 'ಕೋವಿ' ಎನ್ನುವ ಪದದ ಮೇಲೆ ಬಿಳಿ ಬಣ್ಣ ಬಳಿದರು. ಉಳಿದದ್ದು ಬೀಗ ಮತ್ತು ಹೊಲಿಗೆ ಯಂತ್ರ. ಬಣ್ಣ ಒಂದೇ ಪದರ ಬಳಿದಿದ್ದರಿಂದ ಮಧ್ಯಾಹ್ನದ ಬಿಸಿಲು ನೇರವಾಗಿ ಬಿದ್ದಾಗ ಆ ಪದ ಈಗಲೂ ಕಾಣುತ್ತಿತ್ತು.

"ಆ ಭುಜ ಜೋಡಿಸಿದ್ದು ನಾನೇ," ಎಂದರು ಡಾಕ್ಟರು. "ಆಗಿನ್ನೂ ಈ ಊರಿಗೆ ಹೊಸಬ. ಕಟ್ಟು ಕಟ್ಟಿ ಮುಗಿಸೋ ತನಕ ನಿಮ್ಮ ಮಾವನ್ನ ಬೈದ್ರು. ಹೇಳಬೇಕು ಅಂದ್ರೆ, ಒಂದು ಬೈಗುಳ ಎರಡನೇ ಸಲ ಬರಲಿಲ್ಲ. 'ವಾರಕ್ಕೊಂದ್ಸಲ ನಾನೇ ಕೂತು ಬಿಚ್ಚಿ, ಎಣ್ಣೆ ಹಾಕಿ, ಮಗು ಥರ ಸಾಕಿದ್ದೆ, ಅವನು ಹಾಳು ಮಾಡಿದ' ಅಂತ ಸಾಹುಕಾರರದ್ದು ಒಂದೇ ಗೋಳು. ಇಷ್ಟು ಬೈಸಿಕೊಂಡ ಮನುಷ್ಯನ್ನ ಒಂದ್ಸಲ ನೋಡಬೇಕು ಅಂತ ಅವತ್ತೇ ಅಂದ್ಕೊಂಡಿದ್ದೆ. ನೋಡಿದೆ. ಎದ್ದು ಹೋಗಿಬಿಟ್ರು."

"ಅವರು ಬರ್ತಾರೆ," ಎಂದಳು ಸೊಸೆ. "ಕೋವಿ ಇಟ್ಟು ಹೋಗಿ."

ಮಾವ ಹಿತ್ತಲ ಮೆಟ್ಟಿಲ ಮೇಲೆ ಕೂತಿದ್ದರು. ಅವಳು ಪಕ್ಕದಲ್ಲಿ ಬಂದು ಕೂತದ್ದು ಗೊತ್ತಾದರೂ ತಲೆಯೆತ್ತಲಿಲ್ಲ.

"ವಾಪಸ್ ಕಳಿಸಮ್ಮ ಅದನ್ನ."

"ಒಪ್ಪಿಕೊಂಡಾಯ್ತು ಮಾವ."

ಅವರು ತಮ್ಮ ಬಲಗೈ ನೋಡಿಕೊಂಡರು. ಎರಡು ಮೂರು ವರ್ಷದಿಂದ ಆ ಕೈಗೆ ಸಣ್ಣ ನಡುಕ ಬಂದಿತ್ತು.

"ಟ್ರಿಗರ್ ಎಳೆದಾಗ ಒಳಗೆ ಒಂದು ಪುಟ್ಟ ಕೊಕ್ಕೆ ಬಿಡುತ್ತೆ. ಅದರ ಮೂತೀನ ಎಣ್ಣೆಕಲ್ಲಿನ ಮೇಲೆ ಉಜ್ಜಿದ್ರೆ ಟ್ರಿಗರ್ ಹಗುರ ಆಗುತ್ತೆ. ಅವತ್ತು ಎರಡು ಉಜ್ಜು ಸಾಕಿತ್ತು. ಮೂರನೇದು ಉಜ್ಜಿದ್ರೆ ಕೊಕ್ಕೆ ನಿಲ್ಲಲ್ಲ, ಪಕ್ಕದ ನಳಿಗೆ ಹಾರಿದ ಏಟಿಗೇ ಜಾರಿಬಿಡುತ್ತೆ." ಬೆರಳಿನಿಂದ ಮೊಣಕಾಲಿನ ಮೇಲೆ ಉಜ್ಜಿ ತೋರಿಸಿದರು. "ನಾನು ಎರಡು ಉಜ್ಜಿದ್ನೋ ಮೂರೋ, ಗೊತ್ತಿಲ್ಲಮ್ಮ. ಅಷ್ಟು ಹೊತ್ತಿಗೆ ಯಾರೋ ಕರೆದ್ರು, ತಿರುಗಿ ನೋಡಿದೆ, ಮತ್ತೆ ಕೂತೆ. ಅವತ್ತಿಂದ ಎಣಿಸ್ತಾನೇ ಇದ್ದೀನಿ. ಒಂದಿನ ಎರಡು ಬರುತ್ತೆ, ಒಂದಿನ ಮೂರು."

"ಬಿಚ್ಚಿ ನೋಡಿದ್ರೆ ಗೊತ್ತಾಗುತ್ತಲ್ಲ ಮಾವ."

"ಅದಕ್ಕೇ ಬೇಡ ಅಂದಿದ್ದು."

ಕೊನೆಗೆ ಒಂದು ಒಪ್ಪಂದವಾಯಿತು. ಹೊರಗಿನ ತುಕ್ಕು ಮತ್ತು ಮರ, ಇವೆರಡನ್ನು ಸೊಸೆ ಮಾಡಬಹುದು. ಒಳಗೆ ಕೈ ಹಾಕುವಂತಿಲ್ಲ. ಡಾಕ್ಟರು ಗೋಡೆಗೆ ತೂಗುಹಾಕಲಿಕ್ಕೆ ತಾನೇ ಒಯ್ಯುವುದು, ಅಷ್ಟು ಸಾಕು ಎಂದರು ಮಾವ. ಸೊಸೆ ಹೂಂ ಅಂದಳು. ಅವಳ ಹೂಂ ಎಷ್ಟು ದಿನ ಬಾಳುತ್ತದೆ ಎಂಬುದು ಆ ಮನೆಯಲ್ಲಿ ಎಲ್ಲರಿಗೂ ತಿಳಿದದ್ದೇ.

ಅವಳು ಈ ಕೆಲಸಕ್ಕೆ ಬಂದದ್ದೂ ಒಂದು ತಪ್ಪಿನಿಂದಲೇ. ಮದುವೆಯಾಗಿ ಎರಡು ವರ್ಷಕ್ಕೆ, ಒಂದು ದಿನ ಅಂಗಡಿ ಗುಡಿಸಲು ಹೋಗಿ, ಬೆಂಚಿನ ಮೇಲೆ ತೂತು ತೂತಾದ ಹಲಗೆಯೊಂದರಲ್ಲಿ ಚುಚ್ಚಿಟ್ಟಿದ್ದ ತಿರುಪುಗಳನ್ನೆಲ್ಲ ಕಿತ್ತು, ಚೊಕ್ಕಟವಾಗಿ ಒಂದೇ ಡಬ್ಬಿಗೆ ತುಂಬಿದ್ದಳು. ಅದು ಮಾವನ 'ತಿರುಪಿನ ತೊಟ್ಟಿಲು'. ಯಂತ್ರದಲ್ಲಿ ತಿರುಪುಗಳು ಯಾವ ಜಾಗದಲ್ಲಿದ್ದವೋ ಹಲಗೆಯಲ್ಲೂ ಅದೇ ಜಾಗದಲ್ಲಿ ಇಡುವುದು ಅವರ ಪದ್ಧತಿ. ನೋಡಲು ಅವಳಿ ಮಕ್ಕಳಂತಿದ್ದರೂ ಒಂದರ ತೂತಿಗೆ ಇನ್ನೊಂದು ಸರಿಹೊಂದುವುದಿಲ್ಲ. ಮಾವ ಬೈಯಲಿಲ್ಲ. ಎರಡು ದಿನ ಕೂತು ಅರವತ್ತು ತಿರುಪುಗಳನ್ನು ಬೇರ್ಪಡಿಸಿದರು, ಅವಳನ್ನೂ ಪಕ್ಕದಲ್ಲಿ ಕೂರಿಸಿಕೊಂಡರು. ಮೂರನೇ ದಿನ ಅವಳು ತಾನಾಗಿಯೇ ಬಂದು ಕೂತಳು. ಶಾಲೆಯಲ್ಲಿ ಭೂಗೋಳ ಕಲಿಸುವ ಅವಳ ಗಂಡ ಮನೆಯಲ್ಲಿ ಬಲ್ಬು ಬದಲಾಯಿಸಲೂ ಹೆಂಡತಿಯನ್ನೇ ಕರೆಯುವವನಾದ್ದರಿಂದ, ಅವನಿಂದ ಯಾವ ತಕರಾರೂ ಬರಲಿಲ್ಲ. ಅತ್ತೆ ಮಾತ್ರ, "ಮಾವ ಸೊಸೆ ಇಬ್ಬರೂ ಹೀಗೆ ತಿರುಪು ತಿರುಗಿಸ್ತಾ ಕೂತ್ರೆ ಮನೆಯವರೆಲ್ಲ ತಿರುಪೆ ಎತ್ತಬೇಕಾಗುತ್ತೆ" ಎಂದಿದ್ದರು. ಆ ಮಾತು ಅವರಿಗೆ ಎಷ್ಟು ಹಿಡಿಸಿತೆಂದರೆ ಹನ್ನೆರಡು ವರ್ಷದಿಂದ ವಾರಕ್ಕೆ ಒಂದು ಸಲವಾದರೂ ಹೇಳುತ್ತಿದ್ದರು.

ಮಾವನ ಇನ್ನೊಂದು ಪದ್ಧತಿ ಮಲಗಿಸುವುದು. ತಿರುಪನ್ನು ಪೂರ್ತಿ ಬಿಗಿ ಮಾಡಿದಾಗ ಅದರ ತಲೆಯ ಮೇಲಿನ ಗೀರು ಕೋವಿಯ ಉದ್ದಕ್ಕೇ, ನಳಿಗೆಯ ನೇರಕ್ಕೇ ನಿಲ್ಲಬೇಕು. ಆಗ ತಿರುಪು ಮಲಗಿತು. ಅಡ್ಡವೋ ಓರೆಯೋ ನಿಂತರೆ ಎದ್ದಿದೆ ಎಂದು ಅರ್ಥ. ಒಳ್ಳೆಯ ಕೋವಿ ಮಾಡಿದವನು ಪ್ರತಿ ತಿರುಪನ್ನೂ ಅದರ ತೂತಿಗೆಂದೇ ಅಳೆದು ಹಾಗೆ ಮಲಗಿಸಿರುತ್ತಾನೆ, ಬಿಚ್ಚಿದವನು ಹಾಗೆಯೇ ಮಲಗಿಸಿ ಕೊಡಬೇಕು. ಎಲ್ಲ ಮಲಗುವ ತನಕ ಮಾವ ಊಟಕ್ಕೆ ಏಳುತ್ತಿರಲಿಲ್ಲವಂತೆ. ಆ ಕಾಲದಲ್ಲಿ ಅತ್ತೆ ಊಟಕ್ಕೆ ಬನ್ನಿ ಎನ್ನುತ್ತಲೇ ಇರಲಿಲ್ಲ, ಒಳಗಿನಿಂದ "ಎಲ್ಲಾ ಮಲಗಿದ್ವಾ?" ಎಂದು ಕೂಗುತ್ತಿದ್ದರು. ಒಮ್ಮೆ ಯಾರೋ ಹೊಸ ಗಿರಾಕಿ, ಮೇಸ್ತ್ರಿಗಳಿಗೆ ಎಷ್ಟು ಜನ ಮಕ್ಕಳು ಎಂದು ಕೇಳಿದ್ದನಂತೆ. ಬೋರ್ಡಿಗೆ ಬಣ್ಣ ಬಳಿದ ದಿನದಿಂದ ಅತ್ತೆ ಎಲ್ಲರ ಹಾಗೆ "ಊಟಕ್ಕೆ ಬನ್ನಿ" ಎನ್ನತೊಡಗಿದರು. ಸೊಸೆ ಆ ಕೂಗನ್ನು ಕೇಳಿದವಳಲ್ಲ, ಅದರ ಕಥೆ ಕೇಳಿದವಳು.

ಮೊದಲ ವಾರ ಅವಳು ಮರವನ್ನು ನೋಡಿಕೊಂಡಳು. ಅಕ್ರೋಟು ಮರದ ಹಿಡಿ, ಕೊಳೆ ಕಟ್ಟಿ ಕಪ್ಪಾಗಿತ್ತು. ಕೊಳೆ ತೆಗೆದ ಮೇಲೆ ಒಳಗಿನಿಂದ ಕಂದು ಬಣ್ಣದ ಅಲೆಗಳೆದ್ದವು. ಜಜ್ಜಿದ ಕಡೆ ಒದ್ದೆ ಬಟ್ಟೆ ಇಟ್ಟು ಮೇಲೆ ಇಸ್ತ್ರಿ ಒತ್ತಿದಳು, ಆವಿ ಕುಡಿದು ಮರ ತಾನೇ ಉಬ್ಬಿಕೊಂಡಿತು. ಮಾವ ಈಚೆ ಹೊಲಿಗೆ ಯಂತ್ರಕ್ಕೆ ತಲೆ ಬಗ್ಗಿಸಿ ಕೂತಿರುತ್ತಿದ್ದರು. ಕೋವಿಯತ್ತ ನೋಡುತ್ತಿರಲಿಲ್ಲ. ಆದರೆ ಅವಳು ಅಗಸೆ ಎಣ್ಣೆಯ ಬಾಟಲಿ ತೆಗೆದದ್ದೇ ತಡ, "ಬಟ್ಟೇಲಿ ಅಲ್ಲ, ಅಂಗೈಲಿ ಉಜ್ಜಬೇಕು. ಬಿಸಿ ಏರೋ ತನಕ" ಎಂದು ಹೊಲಿಗೆ ಯಂತ್ರಕ್ಕೆ ಹೇಳಿದರು.

ಎರಡನೇ ವಾರ ಕಬ್ಬಿಣಕ್ಕೆ ಬಂದಳು. ಕೋವಿಯನ್ನು ಮಗುಚಿ ಹಾಕಿ, ಟ್ರಿಗರುಗಳ ಹಿಂದೆ ಮುಂದೆ ಚಾಚಿದ್ದ ಅಡಿಪಟ್ಟಿಯ ತುಕ್ಕನ್ನು ಎಣ್ಣೆ ಹಚ್ಚಿ ಹಗುರವಾಗಿ ತಿಕ್ಕುತ್ತಿದ್ದಳು. ತುಕ್ಕಿನ ಕೆಳಗೆ ಒಂದು ತಿರುಪಿನ ತಲೆ ಕಂಡಿತು. ಮಲಗಿತ್ತು. ಮುಂದಿನದೂ ಮಲಗಿತ್ತು. ಮೂರನೆಯದನ್ನು ಒರೆಸಿದವಳು ಕೈ ನಿಲ್ಲಿಸಿದಳು. ಕಿಟಕಿಯ ಬೆಳಕಿಗೆ ತಿರುಗಿಸಿ ನೋಡಿದಳು. ನಾಲ್ಕನೆಯದು ಮಲಗಿತ್ತು. ಐದನೆಯದು ಮತ್ತೆ ಓರೆ.

"ಮಾವ," ಎಂದಳು. "ಇದು ನಿಮ್ಮ ಕೈ ಬಿಟ್ಟು ಹೋಗುವಾಗ ಎಲ್ಲಾ ಮಲಗಿದ್ವಾ?"

ಮಾವ ತಟ್ಟನೆ ತಿರುಗಿದರು. "ಏನು ಕೇಳ್ತಿದ್ದೀಯ ಅಂತ ಗೊತ್ತಿದ್ಯಾ? ಎದ್ದ ತಿರುಪು ಇಟ್ಟು ನಾನು ಯಾವತ್ತಾದ್ರೂ ಕಳಿಸಿದ್ದುಂಟಾ?"

"ಇದರಲ್ಲಿ ಎರಡು ಎದ್ದಿವೆ."

ಅವರು ಎದ್ದು ಬಂದು ಬಗ್ಗಿ ನೋಡಿದರು. ಸೊಸೆ ಅವರ ಮುಖವನ್ನೇ ನೋಡುತ್ತಿದ್ದಳು, ಅಲ್ಲಿ ಸಿಟ್ಟೋ ಸಂತೋಷವೋ ಬರುತ್ತದೆಂದು ಕಾದಳು. ಬಂದದ್ದು ದಣಿವು. "ಅವತ್ತು ತಲೆ ಎಲ್ಲಿತ್ತೋ ಏನೋ," ಎಂದರು ಮೆಲ್ಲಗೆ. "ಉಜ್ಜಿದ ಲೆಕ್ಕವೇ ನೆನಪಿಲ್ಲದೋನು, ತಿರುಪು ಮಲಗಿಸಿದ್ದೆ ಅಂತ ಯಾವ ಬಾಯಲ್ಲಿ ಹೇಳಲಿ? ನಾನೇ ಹಾಗೆ ಕಳಿಸಿರಬಹುದು."

ಸೊಸೆಗೆ ಅಳುವೇ ಬಂತು. ಊರು ಅವರನ್ನು ನಂಬದೆ ಹೋದದ್ದು ಹಳೆಯ ಮಾತು. ಅವರೇ ತಮ್ಮನ್ನು ನಂಬದಂತಾಗಿದ್ದರು.

ಬಾಗಿಲಲ್ಲಿ ಅತ್ತೆ ನಿಂತಿದ್ದರು, ಕೈಯಲ್ಲಿ ಸೌಟು. ಎಷ್ಟು ಹೊತ್ತಿಂದ ನಿಂತಿದ್ದರೋ. "ಏನಂದ್ರಿ?" ಎಂದರು. "ನಿಮ್ಮ ತಿರುಪು ಎದ್ದಿತ್ತಾ? ಈ ಮನೇಲಿ ಅನ್ನ ಆರಿ ತಣ್ಣಗಾಗಿದ್ದಕ್ಕೆ, ನಾನು ಒಲೆ ಮುಂದೆ ಕಾದಿದ್ದಕ್ಕೆ ಬೆಲೆನೇ ಇಲ್ವಾ? ಎದ್ದಿತ್ತಂತೆ!" ಸೌಟನ್ನು ಹೊಲಿಗೆ ಯಂತ್ರದ ಮೇಲಿಟ್ಟು ಒಳಗೆ ನಡೆದರು. ಬಟ್ಟೆ ಬೀರುವಿನ ಖಾನೆ ಎಳೆದ ಸದ್ದು ಕೇಳಿಸಿತು, ಬಟ್ಟೆಗಳು ಮಂಚದ ಮೇಲೆ ಬಿದ್ದ ಸದ್ದು. ಮರಳಿ ಬಂದಾಗ ಅವರ ಕೈಯಲ್ಲಿ ಹಳದಿಯಾದ ಒಂದು ಕಾಗದವಿತ್ತು.

ಕೆಲಸ ಮುಗಿದ ಕೋವಿಯ ಅಡಿಪಟ್ಟಿಯ ಮೇಲೆ ತೆಳು ಕಾಗದ ಹಾಸಿ, ಪೆನ್ಸಿಲ್ ಉಜ್ಜಿ ಅಚ್ಚು ತೆಗೆದಿಟ್ಟುಕೊಳ್ಳುವುದು ಮಾವನ ಕೊನೆಯ ಪದ್ಧತಿಯಾಗಿತ್ತು, ಮಕ್ಕಳು ನಾಣ್ಯದ ಅಚ್ಚು ತೆಗೆಯುವ ಹಾಗೆ. ಬೋರ್ಡಿಗೆ ಬಣ್ಣ ಬಳಿದ ದಿನ ಆ ಕಾಗದಗಳ ಕಟ್ಟನ್ನೆಲ್ಲ ಒಲೆಗೆ ಹಾಕು ಎಂದು ಹೆಂಡತಿಯ ಕೈಗೆ ಕೊಟ್ಟಿದ್ದರು.

"ನೀನು ಸುಟ್ಟಿರಲಿಲ್ವಾ?" ಎಂದರು ಮಾವ.

"ಉಳಿದಿದ್ದೆಲ್ಲ ಸುಟ್ಟೆ. ಇದನ್ನ ಸುಡೋಕೆ ಕೈ ಬರಲಿಲ್ಲ. ಒಂದಲ್ಲ ಒಂದಿನ ಯಾರ ಮುಖದ ಮೇಲಾದ್ರೂ ಎಸೆಯೋಣ ಅಂತ ಇಟ್ಟಿದ್ದೆ. ನಿಮ್ಮ ಮುಖದ ಮೇಲೇ ಎಸೆಯಬೇಕಾಗುತ್ತೆ ಅಂತ ಯಾರಿಗೆ ಗೊತ್ತಿತ್ತು!"

ಸೊಸೆ ಕಾಗದವನ್ನು ಕೋವಿಯ ಪಕ್ಕ ಬಿಡಿಸಿಟ್ಟಳು. ಮೂಲೆಯಲ್ಲಿ ಮಾವನ ಅಕ್ಷರದಲ್ಲಿ ಕೋವಿಯ ನಂಬರು, ತಾರೀಖು. ನಡುವೆ ಪೆನ್ಸಿಲಿನ ಬೂದು ಬಣ್ಣದಲ್ಲಿ ಐದು ತಲೆಗಳು, ಐದು ಬಿಳಿ ಗೀರು. ಐದೂ ಒಂದೇ ನೇರಕ್ಕೆ ಮಲಗಿದ್ದವು.

ಮೂವರೂ ಆ ಕಾಗದವನ್ನು ನೋಡಿದರು, ಕೋವಿಯನ್ನು ನೋಡಿದರು. ಮಾವ ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡರು. "ಬಿಚ್ಚು," ಎಂದರು.

ಬಿಚ್ಚುವುದು ಅಂದುಕೊಂಡಷ್ಟು ಸುಲಭವಾಗಲಿಲ್ಲ. ಎರಡು ದಿನ ಎಣ್ಣೆ ಕುಡಿಸಬೇಕಾಯಿತು. ಎದ್ದ ಎರಡು ತಿರುಪುಗಳ ಗೀರಿನ ಅಂಚು ಜಜ್ಜಿ ಹೋಗಿತ್ತು. ಗೀರಿಗೆ ಸರಿಹೊಂದದ ಯಾವುದೋ ಮನೆಬಳಕೆಯ ತಿರುಪುಳಿಯಿಂದ ಯಾರೋ ಮತ್ತೆ ಮತ್ತೆ ತಿರುಗಿಸಿದ್ದರು. ಮಾವ ಒಂದೊಂದು ತಿರುಪಿಗೂ ಒಂದೊಂದು ತಿರುಪುಳಿಯನ್ನು ಸಾಣೆ ಹಿಡಿದು ಗೀರಿನ ದಪ್ಪಕ್ಕೆ ಇಳಿಸುವವರು, ಆ ಗಾಯ ಅವರ ಕೈಯದಲ್ಲ ಎಂದು ಕುರುಡನೂ ಹೇಳಬಹುದಿತ್ತು. ಸೊಸೆಗೆ ಡಾಕ್ಟರು ಹೇಳಿದ್ದ ಸಾಹುಕಾರರ ಗೋಳು ನೆನಪಾಯಿತು. ವಾರಕ್ಕೊಂದ್ಸಲ ನಾನೇ ಕೂತು ಬಿಚ್ಚಿ.

"ಸಾಹುಕಾರರೇ ಬಿಚ್ಚುತ್ತಿದ್ರಂತೆ ಮಾವ. ತೊಟ್ಟಿಲು ಇಲ್ಲದೆ. ಎಲ್ಲಾ ಒಂದೇ ತಟ್ಟೆಗೆ ಹಾಕಿರಬೇಕು."

"ನೀನು ಡಬ್ಬಿಗೆ ಹಾಕಿದ ಹಾಗೆ," ಎಂದರು ಮಾವ. ಅವರು ತಮಾಷೆ ಮಾಡಿದ್ದು ಎಷ್ಟೋ ದಿನಗಳ ಮೇಲೆ.

ತಿರುಪುಗಳು ಹೊರಬಂದವು. ಮೂರನೆಯದನ್ನೂ ಐದನೆಯದನ್ನೂ ಪಕ್ಕಪಕ್ಕ ಇಟ್ಟರು. ಒಂದು ಇನ್ನೊಂದಕ್ಕಿಂತ ಉಗುರಿನ ದಪ್ಪದಷ್ಟು ಉದ್ದವಿತ್ತು. ಉದ್ದದ್ದು ಗಿಡ್ಡದರ ತೂತಿನಲ್ಲಿ ಕೂತಿತ್ತು. ಅದರ ತುದಿ ಒಳಗೆ ಚಾಚಿಕೊಂಡು ಎಡ ಟ್ರಿಗರಿನ ಬಾಲವನ್ನು ಸದಾ ಒಂದು ಕೂದಲೆಳೆಯಷ್ಟು ಎತ್ತಿ ಹಿಡಿದಿತ್ತು, ಯಾರೋ ಟ್ರಿಗರನ್ನು ಅರ್ಧ ಎಳೆದಿಟ್ಟ ಹಾಗೆ. ಬಾಲದ ಮೇಲೆ ತಿರುಪಿನ ತುದಿ ಉಜ್ಜಿ ಉಜ್ಜಿ ಹೊಳೆಯುವ ಒಂದು ಚುಕ್ಕೆ ಮೂಡಿತ್ತು. ಸೊಸೆ ದೀಪದ ಮಸಿಯನ್ನು ಕೊಕ್ಕೆಯ ಮೂತಿಗೆ ಹಚ್ಚಿ, ಉದ್ದದ ತಿರುಪನ್ನು ಇದ್ದಂತೆಯೇ ಹಾಕಿ ನೋಡಿದಳು. ಕೊಕ್ಕೆ ಕೂರುವ ಎದುರಿನ ಕಚ್ಚಿನಲ್ಲಿ ಮಸಿ ಅಂಚಿಗಷ್ಟೇ ಅಂಟಿತು. ತಿರುಪುಗಳನ್ನು ಅವುಗಳ ಸ್ವಂತ ಜಾಗಕ್ಕೆ ಹಾಕಿ ಮತ್ತೆ ನೋಡಿದಳು. ಕಚ್ಚಿನ ತುಂಬ ಕಪ್ಪು, ಕೊಕ್ಕೆ ಪೂರ್ತಿ ಕೂತಿತ್ತು.

"ಮಾವ! ನೋಡಿ!" ಎಂದು ಕೂಗಿಯೇಬಿಟ್ಟಳು. ಅತ್ತೆ ಒಳಗಿನಿಂದ ಓಡಿ ಬಂದರು. ಮಾವ ಬಗ್ಗಿ, ಕನ್ನಡಕದೊಳಗಿಂದಲೂ ಅದರ ಮೇಲಿನಿಂದಲೂ ನೋಡಿ, ಬೆನ್ನು ನೆಟ್ಟಗೆ ಮಾಡಿದರು.

"ಸಾಹುಕಾರರ ತಪ್ಪು ಗೊತ್ತಾಯ್ತು," ಎಂದರು. "ನನ್ನದು ಇನ್ನೂ ಗೊತ್ತಾಗಿಲ್ಲ. ಕೊಕ್ಕೆ ಕೈಯಲ್ಲಿ ಕೂರೋದು ಬೇರೆ, ಪಕ್ಕದ ನಳಿಗೆ ಹಾರಿದಾಗ ಆ ಏಟು ತಡ್ಕೊಂಡು ಕೂರೋದು ಬೇರೆ. ಮೂರು ಉಜ್ಜಿದ್ರೆ ಆಗಲೂ ಜಾರುತ್ತೆ."

"ಇವರಿಗೆ ಗೆದ್ರೂ ಸಮಾಧಾನ ಇಲ್ಲ," ಎಂದರು ಅತ್ತೆ. ಆದರೆ ಸೌಟು ಹಿಡಿದ ಕೈಯಿಂದಲೇ ಕಣ್ಣೊರೆಸಿಕೊಂಡರು.

ಆಮೇಲಿನ ಒಂದು ತಿಂಗಳು ಬೆಂಚಿನ ಮೇಲೆ ನಾಲ್ಕು ಕೈಗಳಿದ್ದವು. ಜಜ್ಜಿದ ಗೀರುಗಳನ್ನು ಸಣ್ಣ ಸುತ್ತಿಗೆಯಲ್ಲಿ ತಟ್ಟಿ ಮುಚ್ಚಿ, ಅರದಿಂದ ಮತ್ತೆ ತೆರೆದರು. ನಳಿಗೆಗಳಿಗೆ ದ್ರಾವಣ ಸವರಿ ಬೇಕೆಂದೇ ನವಿರಾದ ತುಕ್ಕು ಹಿಡಿಸುವುದು, ನೀರಲ್ಲಿ ಕುದಿಸುವುದು, ಕಪ್ಪಾದ ಮೇಲೆ ಉಜ್ಜುವುದು, ಮತ್ತೆ ಸವರುವುದು. ಹೀಗೆ ಹನ್ನೊಂದು ಸಲ. ಹನ್ನೊಂದನೆಯ ಸಲಕ್ಕೆ ನಳಿಗೆ ನೀಲಿಗಪ್ಪಾಗಿ, ಅದರಲ್ಲಿ ಕಿಟಕಿಯ ಸರಳುಗಳು ಕಂಡವು. ಮಾವನ ಕೈ ನಡುಗುವುದರಿಂದ ಸೂಕ್ಷ್ಮದ್ದೆಲ್ಲ ಸೊಸೆಯ ಪಾಲಿಗೆ ಬಂತು. ಮರಕ್ಕೆ ಎಣ್ಣೆ ಉಜ್ಜುವುದಕ್ಕೆ ನಡುಕ ಅಡ್ಡಿಯಲ್ಲ, ಅದನ್ನು ಅವರು ಯಾರಿಗೂ ಬಿಟ್ಟುಕೊಡಲಿಲ್ಲ.

ಗುಂಡಿನ ಮೈದಾನಕ್ಕೆ ಒಂದು ಬೆಳಿಗ್ಗೆ ಡಾಕ್ಟರ ಜೊತೆ ಇಬ್ಬರೂ ಹೋದರು. ಮಾವ ಅಲ್ಲಿ ಕಾಲಿಟ್ಟು ಇಪ್ಪತ್ತೆರಡು ವರ್ಷವಾಗಿತ್ತು. ಮೈದಾನ ನೋಡಿಕೊಳ್ಳುತ್ತಿದ್ದವನು ಅವತ್ತೂ ಇದ್ದವನೇ. ಕೋವಿಯನ್ನು ನೋಡಿ, ಮಾವನನ್ನು ನೋಡಿ, "ನಮಸ್ಕಾರ ಮೇಸ್ತ್ರಿಗಳೇ, ನಾನು ಇಲ್ಲೇ ಇರ್ತೀನಿ" ಎಂದು ಹೇಳಿ ಕಂಬದ ಹಿಂದೆ ಹೋಗಿ ನಿಂತ.

ಮೊದಲು ಕೋವಿಯನ್ನು ಮರಳಿನ ಚೀಲಗಳ ನಡುವೆ ಕಟ್ಟಿ, ಎಡ ನಳಿಗೆಗೆ ಮದ್ದಿಲ್ಲದ, ಕಿಡಿ ಹೊತ್ತಿಸುವ ಕ್ಯಾಪಷ್ಟೇ ಇರುವ ತೋಟಾ ಹಾಕಿ, ಬಲ ಟ್ರಿಗರಿಗೆ ಹಗ್ಗ ಕಟ್ಟಿ ದೂರದಿಂದ ಎಳೆದರು. ಬಲ ನಳಿಗೆ ಹಾರಿತು. ಎಡದ ಕ್ಯಾಪು ಚಟ್ ಅನ್ನಲಿಲ್ಲ.

"ಮುಗೀತಲ್ಲ!" ಎಂದರು ಡಾಕ್ಟರು.

"ಮರಳಿನ ಚೀಲಕ್ಕೆ ಭುಜ ಇಲ್ಲ ಸಾರ್," ಎಂದರು ಮಾವ. "ಭುಜದ ಮೇಲೆ ಕೋವಿ ಒದೆಯೋ ರೀತಿನೇ ಬೇರೆ. ಅವತ್ತು ಆಗಿದ್ದು ಭುಜದ ಮೇಲೆ. ಕೊಡಿ, ನಾನೇ ಹೊಡೀತೀನಿ."

"ಎಪ್ಪತ್ತೊಂದು ವರ್ಷದ ಭುಜ ಇಟ್ಕೊಂಡು? ನಾನು ನಿವೃತ್ತಿ ಆಗಿದ್ದೀನಿ ಕಣ್ರೀ, ಜೋಡಿಸಲ್ಲ."

"ನನ್ನ ಕೆಲಸ. ನನ್ನ ಭುಜ."

"ನನ್ನ ಕೆಲಸವೂ ಹೌದಲ್ಲ ಮಾವ," ಎಂದಳು ಸೊಸೆ. ಕೋವಿ ಆಗಲೇ ಅವಳ ಕೈಯಲ್ಲಿತ್ತು. ಬೆಂಚಿನ ಮೇಲೆ ಒಂದೂವರೆ ತಿಂಗಳು ಎತ್ತಿ ಇಳಿಸಿದ ಭಾರ, ಹೊಸದೇನಲ್ಲ. ಎರಡು ತೋಟಾ ಹಾಕಿದಳು, ಈ ಸಲ ಎರಡೂ ಮದ್ದು ತುಂಬಿದವು. ಕಂಬದ ಹಿಂದಿನವನು ಇನ್ನೂ ಸ್ವಲ್ಪ ಹಿಂದೆ ಸರಿದ.

"ಅಮ್ಮಾ," ಎಂದರು ಮಾವ. "ನಾನು ಮೂರು ಉಜ್ಜಿದ್ರೆ?"

"ನೀವು ಎರಡೇ ಉಜ್ಜಿದ್ದೀರಿ."

"ನಿನಗೆ ಹೇಗೆ ಗೊತ್ತು?"

"ಹನ್ನೆರಡು ವರ್ಷ ಪಕ್ಕದಲ್ಲಿ ಕೂತಿದ್ದೀನಿ ಮಾವ."

ಹಿಡಿಯನ್ನು ಭುಜಕ್ಕೆ ಒತ್ತಿಕೊಂಡಳು. ಅಕ್ರೋಟು ಮರ ಕೆನ್ನೆಗೆ ತಣ್ಣಗೆ ತಾಗಿತು, ಅಗಸೆ ಎಣ್ಣೆಯ ವಾಸನೆ ಬಂತು. ಹೆದರಿಕೆಯಾಗಲಿಲ್ಲ ಎಂದರೆ ಸುಳ್ಳು. ಉಸಿರು ಬಿಟ್ಟು ಬಲಗಡೆಯ ಟ್ರಿಗರ್ ಎಳೆದಳು.

ಮೈದಾನದಾಚೆಯ ಮರಗಳಿಂದ ಹಕ್ಕಿಗಳೆಲ್ಲ ಎದ್ದವು. ಏಟಿಗೆ ಅವಳು ಒಂದು ಹೆಜ್ಜೆ ಹಿಂದೆ ಬಂದು ನಿಂತಳು. ಸದ್ದು ಗುಡ್ಡಕ್ಕೆ ಬಡಿದು ಮರಳಿತು, ಆಮೇಲೆ ಏನೂ ಇಲ್ಲ. ಎಡ ನಳಿಗೆ ಸುಮ್ಮನಿತ್ತು. ಮಾವ ಕಣ್ಣು ಮುಚ್ಚಿಕೊಂಡಿದ್ದರು.

"ಬಿಚ್ಚಿ ತೋರಿಸು," ಎಂದರು, ಕಣ್ಣು ತೆರೆಯದೆ.

ಅವಳು ಕೋವಿ ಮಡಿಸಿ ಎಡಗಡೆಯ ತೋಟಾ ತೆಗೆದು ಅವರ ಅಂಗೈಗಿಟ್ಟಳು. ಅವರು ಹೆಬ್ಬೆರಳಿನಿಂದ ಅದರ ಬೆನ್ನು ಸವರಿದರು. ಕ್ಯಾಪಿನ ಮೇಲೆ ಒಂದು ಗೀಚೂ ಇರಲಿಲ್ಲ, ನುಣ್ಣಗಿತ್ತು. ಮತ್ತೆ ತುಂಬಿದಳು, ಮತ್ತೆ ಹೊಡೆದಳು. ಬಲ, ಎಡ, ಬೇರೆ ಬೇರೆಯಾಗಿ. ನಾಲ್ಕು ಜೊತೆ. ಡಾಕ್ಟರು ಪ್ರತಿ ಏಟಿಗೂ ಶಾಲೆಯ ಹುಡುಗನ ಹಾಗೆ ಜೋರಾಗಿ ಎಣಿಸಿದರು. ಎಂಟನೆಯ ಸದ್ದು ಅಡಗಿದ ಮೇಲೆ ಮಾವ ನಡುಗುವ ಬಲಗೈ ಎತ್ತಿ, ಎರಡು ಬೆರಳು ಚಾಚಿ, ಮೈದಾನಕ್ಕೆಲ್ಲ ಕೇಳುವ ಹಾಗೆ ಕೂಗಿದರು.

"ಎರಡೇ! ನಾನು ಉಜ್ಜಿದ್ದು ಎರಡೇ!"

ಸೊಸೆ ಭುಜ ಹಿಡಿದುಕೊಂಡು ನಗುತ್ತ ಅಳುತ್ತಿದ್ದಳು. ಡಾಕ್ಟರು ಅಭ್ಯಾಸಬಲದಿಂದ ಅವಳ ಭುಜದ ಮೂಳೆ ಒತ್ತಿ ನೋಡಿ, "ಎಲ್ಲಾ ಸರಿಯಾಗಿದೆ, ನಾಳೆ ನೀಲಿಯಾಗುತ್ತೆ, ನಳಿಗೆಗೆ ಮ್ಯಾಚ್ ಆಗುತ್ತೆ ಬಿಡು" ಎಂದರು. ಕಂಬದ ಹಿಂದಿನವನು ಹೊರಗೆ ಬಂದಿದ್ದ. ತಲೆ ಕೆರೆದುಕೊಳ್ಳುತ್ತ ಮಾವನ ಹತ್ತಿರ ನಿಂತ.

"ಮೇಸ್ತ್ರಿಗಳೇ, ನಮ್ಮಪ್ಪನದೊಂದು ಹಳೇ ಕೋವಿ ಇದೆ. ಟ್ರಿಗರ್ ಸ್ವಲ್ಪ ಬಿಗಿ. ತರಲಾ?"

"ತನ್ನಿ," ಎಂದರು ಮಾವ. "ಆದ್ರೆ ಬಿಚ್ಚಿ ತರಬೇಡಿ."

ಮನೆಗೆ ಬಂದಾಗ ಮಧ್ಯಾಹ್ನವಾಗಿತ್ತು. ಡಾಕ್ಟರು ಕೋವಿಯನ್ನು ಒಂದು ದಿನದ ಮಟ್ಟಿಗೆ ಬಿಟ್ಟು ಹೋಗಿದ್ದರು, ಇನ್ನೊಂದು ಕೆಲಸ ಬಾಕಿ ಇದೆ ಎಂದು ಮಾವ ಹೇಳಿದ್ದರಿಂದ. ಅಂಗಡಿಯ ಬಾಗಿಲು ತೆಗೆದ ಸದ್ದು ಕೇಳಿಯೂ ಅತ್ತೆ ಹೊರಗೆ ಬರಲಿಲ್ಲ. ಏನಾಯಿತು ಎಂದು ಕೇಳಲಿಲ್ಲ. ಒಳಗೆ ಪಾತ್ರೆಯ ಸದ್ದು ನಿಂತಿತು. ಸೊಸೆ ಇನ್ನೇನು ಬಾಯಿ ತೆರೆಯಬೇಕು, ಅಷ್ಟರಲ್ಲಿ ಅಡುಗೆಮನೆಯಿಂದ ದನಿ ಬಂತು, ಅವಳು ಈ ಮನೆಯಲ್ಲಿ ಒಂದು ಸಲವೂ ಕೇಳಿರದ ಕೂಗು.

"ಎಲ್ಲಾ ಮಲಗಿದ್ವಾ?"

ಮಾವ ಕೋವಿಯನ್ನು ಬೆಂಚಿನ ಮೇಲೆ ಮಗುಚಿ ಮಲಗಿಸಿದರು. ಖಾನೆಯಿಂದ ತೆಳು ಕಾಗದ ತೆಗೆದರು, ಪೆನ್ಸಿಲ್ ತೆಗೆದರು. "ಇಲ್ಲಿ ಬಾ," ಎಂದರು, "ಕಾಗದ ಜಾರುತ್ತೆ, ಹಿಡ್ಕೋ." ಅತ್ತೆ ಒದ್ದೆ ಕೈಯನ್ನು ಬಟ್ಟೆಗೆ ಒರೆಸಿಕೊಳ್ಳುತ್ತ ಬಂದು ಕಾಗದದ ಎರಡು ಮೂಲೆಗಳನ್ನು ಬೆರಳಿನಿಂದ ಒತ್ತಿ ಹಿಡಿದರು. ಪೆನ್ಸಿಲ್ ನಡುಗುತ್ತ ಓಡಾಡಿತು. ಕಾಗದದ ಮೇಲೆ ಬೂದು ಬಣ್ಣ ಹರಡುತ್ತ ಹೋದಂತೆ, ಅದರ ನಡುವೆ ಒಂದರ ಹಿಂದೆ ಒಂದು ಬಿಳಿ ಗೀರು ಮೂಡತೊಡಗಿತು.